ಅಡುಗೆಮನೆ ಇಲ್ಲದ ಮನೆ

ಹೊಸ ಟಿವಿ ಗೋಡೆಗೆ ಏರಿದ ಮೇಲೆ ಹಳೆಯ ಶೋಕೇಸಿಗೆ ಕೆಲಸವಿಲ್ಲದಂತಾಯಿತು. ಪೀರಸಾಬ್ ಗುಜರಿಯವನನ್ನು ಕರೆದುಕೊಂಡು ಬಂದ. ಗುಜರಿಯವನು ಒಂದು ಬದಿ ಹಿಡಿದು ಎತ್ತಿ ತೂಕ ನೋಡುತ್ತಿರುವಾಗ ಖಾತೂನ್ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು.

"ಇದು ಕೊಡಾದಲ್ಲ," ಎಂದಳು.

"ಯಾಕ? ಏನಿಡ್ತಿ ಇದ್ರಾಗ?"

"ಮನಿ ಮಾಡ್ತೀನಿ."

ಗುಜರಿಯವನು ಎತ್ತಿದ ಬದಿಯನ್ನು ಮೆಲ್ಲಗೆ ಇಳಿಸಿ, ಹಳೇ ಪೇಪರಾದರೂ ಇದ್ದರೆ ಕೊಡ್ರಿ ಎಂದ.

ಪೀರಸಾಬ್ ಕರೆಂಟ್ ಆಫೀಸಿನಲ್ಲಿ ಮೂವತ್ತಮೂರು ವರ್ಷ ಮೀಟರ್ ರೀಡರ್ ಆಗಿದ್ದು, ಎರಡು ವರ್ಷದ ಹಿಂದೆ ನಿವೃತ್ತನಾದವನು. ಬಳ್ಳಾರಿಯಲ್ಲಿ ಅವನು ಹೊಕ್ಕು ಬರದ ಮನೆ ಕಡಿಮೆ. ಕೌಲ್ ಬಜಾರಿನ ಒಂಟಿ ಕೋಣೆಯ ಮನೆ ಇರಲಿ, ಗಾಂಧಿನಗರದ ಮೂರಂತಸ್ತಿನ ಮನೆ ಇರಲಿ, ಮೀಟರ್ ಎಲ್ಲಿದೆಯೋ ಅಲ್ಲಿಯವರೆಗೆ ಹೋಗಿ ಬಂದಿದ್ದಾನೆ. ಹೀಗಾಗಿ ಮನೆ ಅಂದರೆ ಏನು ಎನ್ನುವುದು ತನಗೆ ಚೆನ್ನಾಗಿ ಗೊತ್ತು ಎಂದು ಅವನ ನಂಬಿಕೆ. ಖಾತೂನ್ ಈ ವಿಷಯದಲ್ಲಿ ಅವನ ಜೊತೆ ಯಾವತ್ತೂ ವಾದ ಮಾಡಿದವಳಲ್ಲ.

ಅವಳಿಗೆ ಈ ಹುಚ್ಚು ಹತ್ತಿದ್ದು ಮೊಬೈಲಿನಿಂದ. ಯಾವುದೋ ದೇಶದ ಮುದುಕಿಯೊಬ್ಬಳು ಗೊಂಬೆಮನೆಗೆಂದು ಬೆರಳುದ್ದದ ಕುರ್ಚಿ, ಉಗುರಿನಷ್ಟು ದಿಂಬು ಮಾಡುವ ವಿಡಿಯೋಗಳು. ಮುದುಕಿಯ ಮಾತು ಖಾತೂನ್‌ಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಕೈ ತಿಳಿಯುತ್ತಿತ್ತು. ಒಂದು ಅಡಿಗೆ ಒಂದು ಇಂಚು ಎನ್ನುವ ಲೆಕ್ಕವನ್ನು ಆ ಕೈ ನೋಡಿಯೇ ಹಿಡಿದಳು. ಆಮೇಲೆ ಕತ್ತರಿ, ಅಂಟು, ಮಗಳು ಬಿಟ್ಟು ಹೋಗಿದ್ದ ಶಾಲೆಯ ಸ್ಕೇಲು ಹುಡುಕಿ ತೆಗೆದಳು. ಪಕ್ಕದ ಮನೆಯ ಪಂಪಾವತಿ ಜೀನ್ಸ್ ಹೊಲಿಯುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಅವಳು ದಿನವೂ ಒಂದು ಚೀಲ ಜೀನ್ಸ್ ತುಂಡು ತಂದುಕೊಡುವುದು ರೂಢಿಯಾಯಿತು.

ಮೂರು ತಿಂಗಳಲ್ಲಿ ಶೋಕೇಸು ಮನೆಯಾಯಿತು. ಟಿವಿ ಇದ್ದ ದೊಡ್ಡ ಖಾನೆ ಹಾಲ್ ಆಗಿ, ಅಲ್ಲಿ ಜೀನ್ಸ್ ಬಟ್ಟೆಯ ಸೋಫಾ ಬಂತು. ಅದರ ಮೂಲೆಯಲ್ಲಿ ಒಂದು ಪುಟ್ಟ ಜೇಬೂ ಇತ್ತು, ಯಾಕೆಂದರೆ ತುಂಡಿನಲ್ಲಿ ಮೊದಲೇ ಇತ್ತು. ಮೇಲಿನ ಎರಡು ಖಾನೆ ಮಲಗುವ ಕೋಣೆಗಳು. ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿದ ಕಪಾಟು. ಅದರ ಒಂಬತ್ತು ಡ್ರಾಯರುಗಳೂ ಎಳೆದರೆ ಬರುತ್ತಿದ್ದವು, ಒಂದರಲ್ಲಿ ಮಡಿಚಿಟ್ಟ ನಾಲ್ಕು ಕರವಸ್ತ್ರಗಳೂ ಇದ್ದವು. ಎಡಗಡೆಯ ಉದ್ದನೆಯ ಖಾನೆಯಲ್ಲಿ ಮೆಟ್ಟಿಲು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಡುವ ಜಾಗ. ಬಲಗಡೆ ಒಂದು ಸಣ್ಣ ಕೋಣೆ. ಅದರಲ್ಲಿ ಒಂದೇ ಒಂದು ಕುರ್ಚಿ, ಎದುರಿಗೆ ಕಿಟಕಿ.

ಪೀರಸಾಬ್ ಒಂದು ಬೆಳಿಗ್ಗೆ ಚಹಾ ಲೋಟ ಹಿಡಿದು ಎದುರು ಕೂತು, ಮೀಟರ್ ನೋಡಲು ಹೋದವನ ಹಾಗೆ ಬಾಗಿಲಿನಿಂದ ಶುರುಮಾಡಿ ಕೋಣೆ ಕೋಣೆ ನೋಡುತ್ತ ಬಂದ.

"ಇದು ಯಾವ ಕೋಣಿ?"

"ಸುಮ್ಮನ ಕೂಡೋ ಕೋಣಿ."

"ಸುಮ್ಮನ ಅಂದ್ರ?"

"ಸುಮ್ಮನ ಅಂದ್ರ ಸುಮ್ಮನ."

ಅವನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದ. ಲೋಟ ಕೆಳಗಿಟ್ಟು ಮೂರನೆಯ ಸಲ ನೋಡಿದ.

"ಅಡಿಗಿ ಮನಿ ಎಲ್ಲೈತಿ?"

"ಇಲ್ಲ."

"ಇನ್ನೂ ಮಾಡಿಲ್ಲೇನು?"

"ಮಾಡಾದಿಲ್ಲ."

"ಕೆಳಗ ಒಂದು ಖಾನೆ ಖಾಲಿ ಐತಲ್ಲ. ಅಲ್ಲಿ ಬರ್ತತಿ."

"ಅಲ್ಲಿ ಬ್ಯಾರೆ ಏನರ ಮಾಡ್ತೀನಿ."

ಅಡುಗೆಮನೆ ಇಲ್ಲದ ಮನೆಯನ್ನು ಪೀರಸಾಬ್ ತನ್ನ ಸರ್ವೀಸಿನಲ್ಲಿ ನೋಡಿರಲಿಲ್ಲ. ಎರಡು ದಿನ ಯೋಚನೆ ಮಾಡಿದ. ಮೂರನೆಯ ದಿನ ಊಟಕ್ಕೆ ಕೂತಾಗ ಕೇಳಿದ.

"ಹಂಗಾದ್ರ ಅದು ಲಾಡ್ಜೇನು?"

"ಲಾಡ್ಜ್ ಅಲ್ಲ, ಮನಿ."

"ಅಲ್ಲಿರೋ ಮಂದಿ ಏನು ಉಣ್ತಾರ?"

"ಮಂದಿ ಯಾರೂ ಇಲ್ಲ. ಗೊಂಬಿ ಇಡಾದಿಲ್ಲ ನಾನು. ಮಂದಿ ಬಂದ್ರ ಮನಿ ಗಲೀಜಾಕ್ಕತಿ," ಎಂದು ಖಾತೂನ್ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಹೆಂಡತಿಯ ಹಟಕ್ಕೆ ಎದುರಾಡುವುದಕ್ಕಿಂತ ತಾನೂ ಸ್ವಲ್ಪ ಒಳಗೆ ಸೇರಿಕೊಂಡರೆ ದಾರಿ ಸಿಕ್ಕೀತು ಎಂದು ಪೀರಸಾಬ್‌ಗೆ ಅನ್ನಿಸಿತು. ಕರೆಂಟ್ ಇಲ್ಲದ ಮನೆ ಮನೆಯಲ್ಲ ಎಂದ. ಖಾತೂನ್ ಒಪ್ಪಿದಳು. ಅವನು ಹಬ್ಬದ ಸೀರಿಯಲ್ ಸೆಟ್ಟಿನಿಂದ ಬಲ್ಬು ಬಿಡಿಸಿ, ಹಿಂದಿನ ಹಲಗೆಗೆ ತೂತು ಕೊರೆದು, ಪ್ರತಿ ಕೋಣೆಗೂ ಒಂದೊಂದು ಸ್ವಿಚ್ಚಿನ ಹಾಗೆ ವೈರಿಂಗ್ ಮಾಡಿದ. ಟೂತ್‌ಪೇಸ್ಟಿನ ಮುಚ್ಚಳಗಳು ದೀಪದ ಬುಟ್ಟಿಗಳಾದವು. ಕೆಳಗಿನ ಖಾಲಿ ಖಾನೆಗೂ ಒಂದು ಬಲ್ಬು ಹಾಕಿದ. ಅಷ್ಟೇ ಅಲ್ಲ, ಮಿಕ್ಸರ್‌ಗೆ ಬೇಕಾಗುತ್ತದೆ ಎಂದು ಅಲ್ಲೊಂದು ಪ್ಲಗ್ ಪಾಯಿಂಟನ್ನೂ ಇಟ್ಟ. ಮರುದಿನ ಆ ಪ್ಲಗ್ ಪಾಯಿಂಟಿನ ಮೇಲೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು.

ವಿಷಯ ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ಕರೂರಿನಿಂದ ಪೀರಸಾಬನ ಅಕ್ಕ ಮಾಬೂಬಿ ಕಣ್ಣು ತೋರಿಸಿಕೊಳ್ಳಲು ಬಳ್ಳಾರಿಗೆ ಬಂದಳು. ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು ಕಳಿಸಿದ್ದರಿಂದ ಅವಳಿಗೆ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಹತ್ತಿರದ್ದಂತೂ ಇಲ್ಲವೇ ಇಲ್ಲ. ಆದರೂ ಶೋಕೇಸಿನ ಎದುರು ಕೂತು ಒಂದೊಂದು ಖಾನೆಗೂ ಕೈ ಹಾಕಿ ತಡಕಿದಳು.

"ಒಲಿ ಎಲ್ಲೈತಿ ಖಾತೂನ್?"

"ಇಲ್ರಿ ಆಪಾ."

"ಅಡಿಗಿ ಮನೀನೇ ಇಲ್ಲೇನು?"

"ಇಲ್ರಿ."

ಮಾಬೂಬಿ ತಮ್ಮನನ್ನು ಪಡಸಾಲೆಗೆ ಕರೆದಳು. "ಲೇ ಪೀರ, ಇದು ನಿನ್ನ ಮ್ಯಾಲ ಹೇಳಿದ್ದು. ನಾವು ಸೊಸಿನ್ನ ಅಡಿಗಿ ಮನ್ಯಾಗ ಕೂಡಿಹಾಕಿದ್ವಿ ಅಂತ ಮಂದಿಗೆ ತೋರ್ಸಾಕ ಮಾಡಿದ್ದು. ತಿಳೀತಿಲ್ಲೇನು ನಿನಗ?"

"ಆಪಾ, ಅದು ಶೋಕೇಸು."

"ನೋಡಿದ ಮಂದಿ ಏನಂತಾರ?"

ನೋಡಿದ ಮಂದಿ ಅಲ್ಲಿಯವರೆಗೆ ಪಂಪಾವತಿ ಒಬ್ಬಳೇ. ಆದರೆ ಮಾಬೂಬಿ ಸಿರುಗುಪ್ಪದ ಬಸ್ಸು ಹತ್ತಿ ಕರೂರು ತಲುಪುವಷ್ಟರಲ್ಲಿ ಲೆಕ್ಕ ಬದಲಾಯಿತು. ಮುಂದಿನ ವಾರ ಒಂದು ನಿಕಾಹ್‌ನಲ್ಲಿ ಯಾರೋ ದೂರದ ಸಂಬಂಧಿ ಪೀರಸಾಬನ ಪಕ್ಕ ಕೂತು, ಅವನ ತಟ್ಟೆಗೆ ಬಿರಿಯಾನಿ ಜಾಸ್ತಿ ಬಡಿಸಲು ಹೇಳಿದರು. "ಪಾಪ, ಈಗ ಹೋಟೆಲ್‌ನಾಗ ಉಣ್ತಾರಂತ," ಎಂದು ಬಡಿಸುವವನಿಗೆ ವಿವರಿಸಿದರು. ಇನ್ನೊಬ್ಬರು ಭುಜ ತಟ್ಟಿ, ಎಲ್ಲ ಸರಿಹೋಗುತ್ತದೆ ಎಂದರು.

ಮರುದಿನ ಬೆಳಿಗ್ಗೆ ಪೀರಸಾಬ್ ಕುರುಗೋಡಿನ ಬಸ್ಸು ಹತ್ತಿದ.

ಕುರುಗೋಡಿನಲ್ಲಿ ಜಡೆಪ್ಪ ಎಂಬ ಕಲ್ಲು ಕೆಲಸದವನಿದ್ದ. ಬೀಸುವ ಕಲ್ಲು, ರುಬ್ಬುವ ಕಲ್ಲು ಕಡಿಯುವುದು ಅವರ ಮನೆತನದ ಕಸುಬು. ಗುಡ್ಡದ ಬುಡದಲ್ಲಿ ತಗಡಿನ ನೆರಳು, ನೆರಳಿನ ಕೆಳಗೆ ಜಡೆಪ್ಪ, ಸುತ್ತಲೂ ಯಾರೂ ಕೊಳ್ಳದ ಹನ್ನೆರಡು ಕಲ್ಲುಗಳು. ಪೀರಸಾಬ್ ತನಗೊಂದು ರುಬ್ಬುವ ಕಲ್ಲು ಬೇಕೆಂದಾಗ ಅವನು ಎದ್ದು ನಿಂತು ಹೆಗಲ ಟವೆಲ್ಲಿನಿಂದ ಒಂದು ಕಲ್ಲನ್ನು ಒರೆಸಿಕೊಟ್ಟ, ಕೂಡಲು.

"ಎಷ್ಟು ಹಿಟ್ಟು ರುಬ್ಬೋದು ಬೇಕ್ರಿ ಸಾಹೇಬ್ರ?"

"ಹಿಟ್ಟು ರುಬ್ಬಾದಿಲ್ರಿ. ಇಷ್ಟಿದ್ರ ಸಾಕು," ಎಂದು ಪೀರಸಾಬ್ ಹೆಬ್ಬೆರಳನ್ನು ತೋರಿಸಿದ.

ಜಡೆಪ್ಪ ಆ ಹೆಬ್ಬೆರಳನ್ನು ಸ್ವಲ್ಪ ಹೊತ್ತು ನೋಡಿದ.

"ಅಗಲ ಅಷ್ಟೋ, ಎತ್ತರ ಅಷ್ಟೋ?"

"ಅಗಲ ಒಂದೂವರಿ ಇಂಚು, ಎತ್ತರ ಒಂದು. ನಡುವ ಕುಣಿ ಇರಬೇಕು. ಗುಂಡು ಇರಬೇಕು, ಅದು ತಿರುಗಬೇಕು."

"ತಿರುಗಿ ಏನು ಮಾಡಬೇಕು?"

"ಏನೂ ಇಲ್ಲ."

"ರುಬ್ಬಾದಿಲ್ಲ ಅಂದ್ಮ್ಯಾಲ ತಿರುಗೋದ್ಯಾಕ್ರಿ?"

ಪೀರಸಾಬ್ ಹೆಂಡತಿ ಮಾಡಿದ ಮನೆಯ ಕಥೆಯನ್ನು ಮೊದಲಿನಿಂದ ಹೇಳಿದ. ಜಡೆಪ್ಪ ಎಲ್ಲವನ್ನೂ ಕೇಳಿ, "ನಮ್ಮ ಪಾರಮ್ಮಗೆ ಹೇಳಬ್ಯಾಡ್ರಿ ಇದನ್ನ," ಎಂದ. ಪಾರಮ್ಮ ಅವನ ಹೆಂಡತಿ, ಹಿಂದೆಯೇ ಕೂತು ಅಕ್ಕಿ ಆರಿಸುತ್ತಿದ್ದಳು.

ಹತ್ತು ದಿನ ಬಿಟ್ಟು ಬರಲು ಹೇಳಿದ್ದ. ಪೀರಸಾಬ್ ಹೋದಾಗ ಜಡೆಪ್ಪನ ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಮೂರು ಕಲ್ಲು ಒಡೆದವು, ನಾಲ್ಕನೆಯದು ನಿಂತಿತು ಎಂದ. ದೊಡ್ಡ ಉಳಿ ಕೆಲಸಕ್ಕೆ ಬರದೆ, ಬಳ್ಳಾರಿಗೆ ಹೋಗಿ ಅಕ್ಕಸಾಲಿಗರ ಉಳಿ ತಂದೆ ಎಂದ. ಅಂಗೈ ಮೇಲೆ ಇಟ್ಟುಕೊಟ್ಟ ಕಲ್ಲು ನಿಜಕ್ಕೂ ರುಬ್ಬುವ ಕಲ್ಲಾಗಿತ್ತು: ಕಪ್ಪು ಬಣ್ಣ, ಮೈಮೇಲೆ ಉಳಿಯ ಚುಕ್ಕೆ, ನಡುವೆ ನುಣುಪಾದ ಕುಳಿ, ಅದರಲ್ಲಿ ಕೂತ ಗುಂಡು. ಬೆರಳ ತುದಿಯಿಂದ ತಿರುಗಿಸಿದರೆ ಗರ್ರ್ ಎಂದು ಸದ್ದೂ ಬರುತ್ತಿತ್ತು.

"ಎರಡು ಅಕ್ಕಿಕಾಳು ಹಾಕಿ ನೋಡೀನಿ. ರುಬ್ಬತೈತಿ," ಎಂದ ಜಡೆಪ್ಪ.

ಪೀರಸಾಬ್ ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಜೇಬಿನ ಮೇಲೆ ಕೈ ಇಟ್ಟುಕೊಂಡು ಬಂದ. ಪಕ್ಕದವರು ಎದೆ ನೋವೇನು ಎಂದು ಕೇಳಿದರು.

ಖಾತೂನ್ ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದಳು. ತಿರುಗಿಸಿದಳು. ಗುಂಡನ್ನು ಹೊರಗೆ ತೆಗೆದು ಮತ್ತೆ ಇಟ್ಟಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ಪೀರಸಾಬ್ ನೋಡಿ ಬಹಳ ಕಾಲವಾಗಿತ್ತು.

"ಭಾಳ ಚಲೋ ಐತ್ರಿ. ಯಾರು ಮಾಡಿದ್ರು?"

"ಕುರುಗೋಡಾಗ ಮಾಡಿಸಿದೆ. ಕೆಳಗಿನ ಖಾನೆಗೆ ಸರಿ ಹೊಂದತೈತಿ."

"ನಾನು ಇಡ್ತೀನಿ," ಎಂದಳು.

ಸಂಜೆ ಅವನು ತರಕಾರಿ ತೆಗೆದುಕೊಂಡು ಬಂದು ನೋಡಿದಾಗ ರುಬ್ಬುವ ಕಲ್ಲು ಗೊಂಬೆಮನೆಯ ಮುಂಬಾಗಿಲ ಪಕ್ಕದಲ್ಲಿತ್ತು. ಗುಂಡು ಇರಲಿಲ್ಲ. ಕುಳಿಯಲ್ಲಿ ಮಣ್ಣು ತುಂಬಿ, ಹಸಿರು ಕಾಗದದಲ್ಲಿ ಎಲೆ ಕತ್ತರಿಸಿ, ಒಂದು ಗಿಡ ನೆಟ್ಟಿದ್ದಳು.

"ಇದೇನು?"

"ಕುಂಡ. ಡಾಕ್ಟರ್ ಮನಿ ಮುಂದ ಇಟ್ಟಾರಲ್ರಿ, ಹಳೇ ರುಬ್ಬೋ ಕಲ್ಲಾಗ ಹೂವಿನ ಗಿಡ. ಈಗ ಎಲ್ಲ ದೊಡ್ಡ ಮನ್ಯಾಗ ಹಂಗ ಇಡ್ತಾರ."

ಅದು ನಿಜವಾಗಿತ್ತು. ಗಾಂಧಿನಗರದ ಎಂಟು ಮನೆಗಳಲ್ಲಿ ಪೀರಸಾಬ್ ತಾನೇ ನೋಡಿದ್ದ. ಗುಂಡು ಎಲ್ಲಿ ಎಂದಷ್ಟೇ ಕೇಳಿದ. ಕಪಾಟಿನ ಏಳನೆಯ ಡ್ರಾಯರಿನಲ್ಲಿದೆ ಎಂದಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಸಿರುಗುಪ್ಪದಿಂದ ಮಗಳು ಸುಮೈರಾ ಫೋನ್ ಮಾಡಿದಳು. ಅವಳ ಗಂಡ ರಫೀಕ್ ಅಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ ಇಟ್ಟವನು. ಗದ್ದೆಗಳಿರುವವರೆಗೆ ಮೋಟಾರುಗಳು ಸುಡುತ್ತಲೇ ಇರುತ್ತವೆ, ಹಾಗಾಗಿ ಅವನಿಗೆ ಪುರುಸೊತ್ತು ಅನ್ನುವುದಿರಲಿಲ್ಲ. ಈಗ ಸ್ವಂತ ಮನೆ ಕಟ್ಟಿಸಲು ಹೊರಟಿದ್ದ. ಪಾಯ ಆಗಿತ್ತು, ಗೋಡೆ ಏಳುವುದಿತ್ತು. ಸುಮೈರಾ ಮನೆಯ ನಕ್ಷೆಯ ಫೋಟೋ ಕಳಿಸಿ, "ಅಮ್ಮಿ, ಹೆಂಗೈತಿ ನೋಡಿ ಹೇಳು," ಎಂದಿದ್ದಳು.

ಖಾತೂನ್ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. ಮುಂದೆ ದೊಡ್ಡ ಹಾಲ್. ಅದರ ಮುಂದೆ ರಫೀಕನ ಗೆಳೆಯರು ಬಂದರೆ ಕೂಡಲು ಒಂದು ಕಟ್ಟೆ. ಎರಡು ಮಲಗುವ ಕೋಣೆ. ಹಿಂದೆ, ಮೆಟ್ಟಿಲಿಗೂ ಬಚ್ಚಲಿಗೂ ನಡುವೆ ಉಳಿದ ಜಾಗದಲ್ಲಿ ಏಳಡಿಗೆ ಆರಡಿ ಒಂದು ಚೌಕ. ಅದರೊಳಗೆ ಅಳತೆ ಬಿಟ್ಟರೆ ಏನೂ ಬರೆದಿರಲಿಲ್ಲ. ಕಿಟಕಿಯೂ ಇರಲಿಲ್ಲ.

"ಇದು ಅಡಿಗಿ ಮನಿ," ಎಂದಳು ಖಾತೂನ್.

ನಾಲ್ಕು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಏಳು ಇಂಚಿಗೆ ಆರು ಇಂಚಿನ ಕೋಣೆ ಮಾಡಿದಳು. ಅಡುಗೆ ಕಟ್ಟೆ, ಒಲೆ, ಸಿಂಕು, ಗ್ಯಾಸಿನ ಸಿಲಿಂಡರ್ ಮಾಡಿದಳು. ಬಾಗಿಲು ತೆರೆಯುವ ಫ್ರಿಜ್ ಮಾಡಿದಳು. ಪೀರಸಾಬ್ ಅಂಟು ಹಿಡಿದುಕೊಂಡು ಕೂತಿದ್ದ. ಕೆಳಗಿನ ಖಾನೆಯನ್ನು ಅವನು ಗುಟ್ಟಾಗಿ ಅಳೆದಿದ್ದ. ಕೋಣೆ ಅದರೊಳಗೆ ಸರಿಯಾಗಿ ಕೂಡುತ್ತಿತ್ತು. ಕೊನೆಯಲ್ಲಿ ಅವಳು ಒಂದು ಪೆನ್ಸಿಲನ್ನು ಐದೂಕಾಲು ಇಂಚಿಗೆ ಕತ್ತರಿಸಿ, ಹತ್ತಿ ಸುತ್ತಿ, ಮೇಲೆ ಹಳದಿ ಬಟ್ಟೆ ಹೊಲಿದಳು.

"ಗೊಂಬಿ ಮಾಡಾದಿಲ್ಲ ಅಂದಿದ್ದಿ," ಎಂದ ಪೀರಸಾಬ್.

"ಇದು ಗೊಂಬಿ ಅಲ್ಲ. ಸುಮೈರಾನ ಅಳತಿ."

ರಟ್ಟಿನ ಕೋಣೆಯನ್ನು ತೊಡೆಯ ಮೇಲಿಟ್ಟುಕೊಂಡು ಖಾತೂನ್ ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಗಾಳಿಗೆ ಸಿಲಿಂಡರ್ ಉರುಳದಂತೆ ಪೀರಸಾಬ್ ಟವೆಲ್ ಅಡ್ಡ ಹಿಡಿದಿದ್ದ. ತೆಕ್ಕಲಕೋಟೆ ಹತ್ತಿರ ಬರುವಾಗ ಅವನು ಕೇಳಿಯೇ ಬಿಟ್ಟ.

"ಇಷ್ಟು ಚಂದ ಮಾಡಾಕ ಬರ್ತೈತಿ. ನಿನ್ನ ಮನಿಗೆ ಯಾಕ ಬ್ಯಾಡ ಅಂತಿ? ನಂದೇನರ ತಪ್ಪೈತೇನು?"

ಖಾತೂನ್ ತೊಡೆಯ ಮೇಲಿನ ಕೋಣೆಯನ್ನು ಸರಿಪಡಿಸಿಕೊಂಡಳು.

"ಮದುವ್ಯಾಗಿ ಬಂದ ದಿನ ನಿಮ್ಮ ಅಮ್ಮ ನನಗ ಮನಿ ತೋರ್ಸಾಕ ಕರ್ಕೊಂಡು ಹೋದ್ರು. ಮೊದ್ಲು ಅಡಿಗಿ ಮನಿ ತೋರಿಸಿದ್ರು."

"ಹೂಂ. ಆಮ್ಯಾಲ?"

"ಆಮ್ಯಾಲ ತೋರಿಸಲಿಲ್ಲ. ಅಲ್ಲೇ ಉಳಕೊಂಡೆ. ಈಗ ಉಳಿದದ್ದು ನೋಡಾಕ ಹತ್ತೀನಿ. ನಿಮ್ಮ ಮ್ಯಾಲ ಸಿಟ್ಟಿಲ್ಲ."

ಅವಳು ಇದನ್ನು ಹಾಲು ತೀರಿದೆ ಎಂದು ಹೇಳುವ ದನಿಯಲ್ಲಿಯೇ ಹೇಳಿದಳು. ಪೀರಸಾಬ್ ಆ ದಿನ ತಾನೆಲ್ಲಿದ್ದೆ ಎಂದು ನೆನಪು ಮಾಡಿಕೊಂಡ. ಹೊರಗೆ ಶಾಮಿಯಾನದ ಕೆಳಗೆ ಇದ್ದ, ಬಂದವರಿಗೆಲ್ಲ ಸಲಾಂ ಹೇಳುತ್ತ. ಒಳಗೆ ಏನು ನಡೆಯಿತೆಂದು ಆಮೇಲೂ ಕೇಳಿರಲಿಲ್ಲ. ಮೂವತ್ತೇಳು ವರ್ಷವಾಗಿತ್ತು. ಸಿರುಗುಪ್ಪ ಬರುವವರೆಗೆ ಅವನು ಟವೆಲ್ಲನ್ನು ಬಿಗಿಯಾಗಿ ಹಿಡಿದುಕೊಂಡು ಹೊರಗಿನ ಗದ್ದೆಗಳನ್ನೇ ನೋಡುತ್ತಿದ್ದ.

ಕಟ್ಟಡದ ಜಾಗದಲ್ಲಿ ಇಟ್ಟಿಗೆ ಜೋಡಿಸಿ, ಅದರ ಮೇಲೆ ರಟ್ಟಿನ ಕೋಣೆ ಇಟ್ಟರು. ರಫೀಕ್ ಬಂದ, ಕೈತುಂಬ ಗ್ರೀಸು. ಮೇಸ್ತ್ರಿ ಎರ್ರಿಸ್ವಾಮಿ ಬಂದ. ಸುಮೈರಾ ಬಂದು, ಮೊದಲು ನೋಡಿದ್ದು ಪೆನ್ಸಿಲನ್ನು.

"ನಾ ಇಷ್ಟು ದಪ್ಪ ಅದೀನೇನು ಅಮ್ಮಿ?"

"ಹೋದ ಸಲ ನಿನ್ನ ಜಂಪರ್ ಹೊಲ್ಯಾಕ ತಗೊಂಡ ಅಳತಿ ಅದು," ಎಂದಳು ಖಾತೂನ್. "ಈಗ ನೋಡ್ರಿ. ಸುಮೈರಾ ಒಲಿ ಮುಂದ ನಿಂತಾಳ. ಹಾಲು ಬೇಕು. ಫ್ರಿಜ್ ತಗೀತಾಳ."

ಫ್ರಿಜ್ಜಿನ ಬಾಗಿಲು ತೆರೆಯಿತು. ಪೆನ್ಸಿಲು ಬಾಗಿಲಿಗೂ ಕಟ್ಟೆಗೂ ನಡುವೆ ಸಿಕ್ಕಿಕೊಂಡಿತು. ಖಾತೂನ್ ಕೈ ಬಿಟ್ಟಳು. ಅದು ಬೀಳಲೂ ಇಲ್ಲ, ಅಷ್ಟು ಬಿಗಿಯಾಗಿ ಸಿಕ್ಕಿತ್ತು.

"ಈಗ ಅತ್ತಿ ಬರ್ತಾರ, ನೀರು ಕುಡ್ಯಾಕ," ಎಂದು ಖಾತೂನ್ ತನ್ನ ಕಿರುಬೆರಳನ್ನು ಬಾಗಿಲಲ್ಲಿಟ್ಟಳು. ಬೆರಳು ಒಳಗೆ ಹೋಗಲಿಲ್ಲ.

ರಫೀಕ್ ಬಗ್ಗಿ ನೋಡಿದ. ಫ್ರಿಜ್ಜನ್ನು ಆ ಮೂಲೆಗೆ ಸರಿಸಿದ. ಬಾಗಿಲಿಗೆ ಅಡ್ಡ ಬಂತು. ಈ ಮೂಲೆಗೆ ಸರಿಸಿದ, ಸಿಂಕು ಮುಚ್ಚಿಹೋಯಿತು. ಅವನು ಮೋಟಾರು ಬಿಚ್ಚಿ ಕೂಡಿಸುವ ಮನುಷ್ಯ, ಹೊಂದದ್ದನ್ನು ಹೊಂದಿಸುವುದೇ ಅವನ ಕೆಲಸ. ಹತ್ತು ನಿಮಿಷ ಪಟ್ಟು ಬಿಡದೆ ಸರಿಸಿದ. ಕೊನೆಗೆ ಎದ್ದು ನಿಂತು, "ಫ್ರಿಜ್ ಹಾಲ್‌ನಾಗ ಇಡಾಣ?" ಎಂದ.

"ಅಮ್ಮಿ, ಎಲ್ಲಿರಬೇಕು ಹೇಳ್ರಿ," ಎಂದ ಆಮೇಲೆ.

ಖಾತೂನ್ ಎದ್ದು, ಪಾಯದ ಮೇಲೆ ನಡೆದು, ಮುಂದಿನ ಕಟ್ಟೆಗೆಂದು ಗುರುತು ಮಾಡಿದ್ದ ಜಾಗದಲ್ಲಿ ನಿಂತಳು. ಅಲ್ಲಿ ಬೀದಿ ಕಾಣುತ್ತಿತ್ತು, ಕಾಲುವೆಯ ಕಡೆಯಿಂದ ಗಾಳಿ ಬರುತ್ತಿತ್ತು. "ಇಲ್ಲಿ. ಕಿಟಕಿ ಈ ಕಡಿ."

"ನಮ್ಮ ದೋಸ್ತರು ಎಲ್ಲಿ ಕೂಡಬೇಕು?"

"ಹಿಂದ ಒಂದು ಏಳಾರರ ಕೋಣಿ ಖಾಲಿ ಐತಲ್ಲ," ಎಂದಳು ಖಾತೂನ್.

ಎರ್ರಿಸ್ವಾಮಿ ಮುಖ ತಿರುಗಿಸಿ ಸಿಮೆಂಟ್ ಚೀಲ ಎಣಿಸುವವನ ಹಾಗೆ ನಿಂತ. ರಫೀಕ್ ತಲೆ ಕೆರೆದುಕೊಂಡ, ಕೂದಲಿಗೆ ಗ್ರೀಸು ಹತ್ತಿತು. ಮಧ್ಯಾಹ್ನದ ಊಟದ ನಂತರ ನಕ್ಷೆ ಬದಲಾಯಿತು.

ರಟ್ಟಿನ ಅಡುಗೆಮನೆಯನ್ನು ಖಾತೂನ್ ಮಗಳ ಹತ್ತಿರವೇ ಬಿಟ್ಟು ಬಂದಳು. ಪೀರಸಾಬ್ ಬಸ್‌ಸ್ಟ್ಯಾಂಡಿನವರೆಗೂ ತಿರುಗಿ ತಿರುಗಿ ನೋಡಿದ, ಆದರೆ ತರೋಣ ಎಂದು ಹೇಳಲಿಲ್ಲ. ಬಳ್ಳಾರಿಯ ಶೋಕೇಸಿನ ಕೆಳಗಿನ ಖಾನೆಯಲ್ಲಿ ಖಾತೂನ್ ಆಮೇಲೆ ಒಂದು ಪಡಸಾಲೆ ಮಾಡಿ, ತೂಗುಮಂಚ ಕಟ್ಟಿದಳು. ಮಂಚದ ಸರಪಳಿಯನ್ನು ಪೀರಸಾಬ್ ಬೆಂಗಳೂರು ರಸ್ತೆಯ ಅಂಗಡಿಗಳನ್ನೆಲ್ಲ ತಿರುಗಿ ಹುಡುಕಿ ತಂದ. ಮಾಬೂಬಿ ಮತ್ತೆ ಬಂದಾಗ ಕಣ್ಣು ಸರಿಯಾಗಿತ್ತು. ತೂಗುಮಂಚವನ್ನು ಬೆರಳಿನಿಂದ ತೂಗಿ, ಒಲೆಯ ಮಾತು ಎತ್ತದೆ, ಇಂಥದ್ದೊಂದು ತನಗೂ ಬೇಕು ಎಂದಳು, ಗೊಂಬೆಯದ್ದಲ್ಲ, ಮಲಗುವಂಥದ್ದು.

ಎರ್ರಿಸ್ವಾಮಿ ಆ ದಿನ ಸುಮ್ಮನೆ ನಿಂತಿದ್ದವನು, ನೋಡಿದ್ದನ್ನು ಮರೆಯಲಿಲ್ಲ. ಎರಡು ತಿಂಗಳ ನಂತರ ಫೋನ್ ಮಾಡಿದ. ತೆಕ್ಕಲಕೋಟೆಯಲ್ಲಿ ಚನ್ನಬಸವರಾಜ ಎಂಬವರ ಮನೆ ಕಟ್ಟುತ್ತಿದ್ದೇನೆ, ಅಮ್ಮಾರು ಒಂದು ಸಲ ಬಂದು ಅಡುಗೆಮನೆ ನೋಡಿ ಹೇಳಬೇಕು ಎಂದ. ಖಾತೂನ್ ಸ್ಕೇಲು ತೆಗೆದುಕೊಂಡಳು. ಪೀರಸಾಬ್ ಕೇಳದೆಯೇ ಅಳತೆ ಟೇಪು ತೆಗೆದುಕೊಂಡ.

ಅಲ್ಲಿ ಖಾತೂನ್ ಮನೆಯೊಡತಿ ವಿರೂಪಮ್ಮನನ್ನು ಹಸಿ ಗೋಡೆಯ ಮುಂದೆ ನಿಲ್ಲಿಸಿದಳು.

"ಕೈ ಎತ್ರಿ. ಹಿಮ್ಮಡಿ ಎತ್ತಬ್ಯಾಡ್ರಿ, ಕೈ ಪೂರ್ತಿ ಚಾಚಬ್ಯಾಡ್ರಿ, ಡಬ್ಬಿ ತಗೊಳ್ಳೋ ಅಷ್ಟ."

ವಿರೂಪಮ್ಮ ನಾಚಿಕೊಂಡು ಕೈ ಎತ್ತಿದಳು. ಅವಳ ಬೆರಳು ಮುಟ್ಟಿದ ಕಡೆ ಖಾತೂನ್ ಸೀಮೆಸುಣ್ಣದಿಂದ ಗೆರೆ ಎಳೆದಳು. ಮೇಲಿನ ಹಲಗೆ ಇಲ್ಲಿಗೆ ಬರಬೇಕು ಎಂದಳು. ಬಾಗಿಲಲ್ಲಿ ನಿಂತಿದ್ದ ಚನ್ನಬಸವರಾಜ ಒಳಗೆ ಬಂದು ಗೆರೆಯ ಕೆಳಗೆ ನಿಂತು ನೋಡಿದ. ಹಲಗೆ ಅವನ ಹಣೆಗೆ ಬರುತ್ತಿತ್ತು.

"ಇದು ಭಾಳ ತಗ್ಗಾತ್ರಿ. ನನಗ ತಲಿಗೆ ಬಡೀತತಿ."

"ನೀವು ಅಡಿಗಿ ಮಾಡ್ತೀರೇನ್ರಿ?" ಎಂದು ಖಾತೂನ್ ಮರ್ಯಾದೆಯಿಂದ ಕೇಳಿದಳು.

"ಇಲ್ರಿ."

"ಹಂಗಾದ್ರ ಸ್ವಲ್ಪ ಈ ಕಡಿ ಬರ್ರಿ," ಎಂದ ಪೀರಸಾಬ್. ನೆಲದಿಂದ ಗೆರೆಯವರೆಗೆ ಟೇಪು ಹಿಡಿದು, ಕನ್ನಡಕ ಮೇಲೇರಿಸಿ, ಅಳತೆಯನ್ನು ಗಟ್ಟಿಯಾಗಿ ಓದಿದ.